ಕಡಲ ಮೇಲಿನ ಜೇನುಪೆಟ್ಟಿಗೆ

“ಬುದ್ಧಿ, ಈ ಚಳಿಯಲ್ಲಿ ಧ್ಯಾನಕ್ಕೆ ಕೂತರೆ ಮನಸ್ಸು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಕಡಲತೀರದ ಮಠಕ್ಕೆ ಹೋಗಿ, ಬೇಸಿಗೆಗೆ ಮರಳಿ ಬರಲೇ?” ಎಂದು ಶಿಷ್ಯ ಮರಿದೇವ ಕೇಳಿದ.

ಬೆಟ್ಟದ ಮಠದಲ್ಲಿ ಅವನು ಆಗಲೇ ಪಡಸಾಲೆ ಬಿಟ್ಟು ಅಡುಗೆಮನೆಯ ಪಕ್ಕಕ್ಕೆ, ಅಲ್ಲಿಂದ ಅಟ್ಟಕ್ಕೆ ಜಾಗ ಬದಲಿಸಿ ನೋಡಿದ್ದ. ಎಲ್ಲಿ ಕೂತರೂ ಅದೇ ಪಾಡು. ತಾನು ಈ ದಾರಿಗೆ ತಕ್ಕವನೇ ಅಲ್ಲವೇನೋ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಹಿಮ ಬೀಳುವ ಒಂದು ನಾಡು. ಚಳಿಗಾಲ ಬಂತೆಂದರೆ ಅಲ್ಲಿಯ ಅನುಕೂಲವಂತರು ಹಡಗು ಹತ್ತಿ, ಬಿಸಿಲಿನ ಕಡಲುಗಳಲ್ಲಿ ಸುತ್ತಾಡಿ, ಹಿಮ ಕರಗಿದ ಮೇಲೆ ಮನೆಗೆ ಮರಳುತ್ತಿದ್ದರು. ಆ ನಾಡಿನಲ್ಲಿ ಜೇನು ಸಾಕುವವನೊಬ್ಬನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವಳು ಅಕ್ಕರೆಯಿಂದ ನೋಡಿಕೊಂಡಿದ್ದ ಒಂದು ಪೆಟ್ಟಿಗೆ ಜೇನೇ ಅವನ ಸಂಸಾರ. ಒಂದು ವರ್ಷ ಕೆಮ್ಮು ಹಿಡಿದು ಅವನಿಗೂ ಚಳಿ ತಡೆಯದಾಯಿತು. ಹಡಗು ಹತ್ತುವುದೆಂದು ತೀರ್ಮಾನಿಸಿದ. ಆದರೆ ತಾನು ಬಿಸಿಲು ಕಾಯಿಸುತ್ತ ಕೂತು, ಜೇನನ್ನು ಹಿಮಕ್ಕೆ ಬಿಟ್ಟುಹೋಗಲು ಅವನಿಗೆ ಮನಸ್ಸು ಬರಲಿಲ್ಲ. ನೆರೆಯವನು, ಅವು ಒಂದಕ್ಕೊಂದು ಅಂಟಿ ಕೂತು, ಕೂಡಿಟ್ಟದ್ದನ್ನು ತಿಂದು ಎಷ್ಟೋ ಚಳಿಗಾಲ ಕಳೆದಿವೆ, ಬಿಟ್ಟುಹೋಗು ಮಾರಾಯ, ನಾನಿದ್ದೇನೆ ಎಂದು ಹೇಳಿಯೇ ಹೇಳಿದ. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯ ಬಾಯಿ ಮುಚ್ಚಿ, ಹೆಗಲಿಗೇರಿಸಿ, ಹಡಗು ಹತ್ತಿದ.

ಹಾಗೆಂದು ಅವನು ದಡ್ಡನಲ್ಲ. ಕಸುಬಿನಲ್ಲಿ ಬಲು ಗಟ್ಟಿಗ. ಜೇನುನೊಣ ಮನೆಯ ಗುರುತು ಹಿಡಿಯುವುದು ಪೆಟ್ಟಿಗೆಯಿಂದಲ್ಲ, ಪೆಟ್ಟಿಗೆ ಇರುವ ಜಾಗದಿಂದ. ನೊಣ ಹೊರಗಿರುವಾಗ ಪೆಟ್ಟಿಗೆಯನ್ನು ಕದಲಿಸಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಡಗು ತೂಗಾಡಿದರೆ ಪೆಟ್ಟಿಗೆ ಜರುಗೀತೆಂದು ಒಂದು ಕಂಬಕ್ಕೆ ಹಗ್ಗ ಬಿಗಿದು ಕಟ್ಟಿದ. ದಿನಾ ಗಂಟು ಮುಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದ.

ಹಡಗು ಬಿಸಿಲಿನ ಕಡಲಿಗೆ ಬಂತು. ಅವನ ಕೆಮ್ಮು ಇಳಿಯಿತು. ಪೆಟ್ಟಿಗೆಯೊಳಗೂ ಗುಂಯ್‌ ಎಂಬ ಸದ್ದು ಎದ್ದಿತು. ಪಾಪ, ಇವೂ ಬಿಸಿಲು ಕಾಣಲಿ ಎಂದು ಒಂದು ಬೆಳಗ್ಗೆ ಬಾಯಿ ತೆರೆದ. ನೊಣಗಳು ಹೊರಬಿದ್ದು, ಒಂದು ಸುತ್ತು ಹಾಕಿ, ಹೂವು ಹುಡುಕಿಕೊಂಡು ಹೊರಟವು. ಹಡಗಿನ ಆಳೊಬ್ಬ, ಇವು ತಿರುಗಿ ಬರುತ್ತವೆಯೇ ಎಂದು ಕೇಳಿದ.

“ಬಾರದೆ ಏನು? ಪೆಟ್ಟಿಗೆಯನ್ನು ನಾನು ಒಂದು ಗೇಣೂ ಸರಿಸಿಲ್ಲವಲ್ಲ.”

ಹೊತ್ತು ಏರಿತು, ಇಳಿಯಿತು. ಹೋದ ಒಂದು ನೊಣವೂ ಬರಲಿಲ್ಲ. ಗಂಟು ಮುಟ್ಟಿ ನೋಡಿದ, ಬಿಗಿಯಾಗಿಯೇ ಇತ್ತು. ಕೊನೆಗೆ ತಲೆಯೆತ್ತಿ, ಹಡಗು ಹಿಂದೆ ಬಿಟ್ಟುಬಂದ ನೀರನ್ನು ನೋಡಿದ. ಆಗ ಅವನಿಗೆ ಹೊಳೆಯಿತು. ಓಡಿಹೋಗಿ ಹಡಗಿನ ಯಜಮಾನನ ಕಾಲು ಹಿಡಿದು, ಹಡಗು ತಿರುಗಿಸಿ ಎಂದು ಬೇಡಿದ. ಎಲ್ಲಿಗೆ ತಿರುಗಿಸಲಿ ಎಂದು ಆತ ಕೇಳಿದರೆ, ಆ ನೀರಿನಲ್ಲಿ ತೋರಿಸಲು ಇವನಿಗೆ ಒಂದು ಗುರುತೂ ಇರಲಿಲ್ಲ. ಪೆಟ್ಟಿಗೆ ತಬ್ಬಿಕೊಂಡು ಅತ್ತ.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಮರಿದೇವನಿಗೆ ತುಂಬ ಕೆಡುಕೆನಿಸಿತು.

“ಬಿಸಿಲಿಗೆ ಮರುಳಾಗಿ ದಾರಿ ತಪ್ಪಿದವಲ್ಲ ಬುದ್ಧಿ,” ಎಂದ.

“ಅವು ದಾರಿ ತಪ್ಪಲಿಲ್ಲಪ್ಪಾ, ಹೊರಟ ಜಾಗಕ್ಕೇ ಬಂದವು. ಅಲ್ಲಿ ಹಡಗಿರಲಿಲ್ಲ. ನಿನ್ನ ಮನಸ್ಸು ತಿರುಗಿ ಬಂದಾಗ ನೀನು ಎಲ್ಲಿರುತ್ತೀಯೆ?” ಎಂದರು ಗುರುಗಳು.

ಮರಿದೇವ ಎದ್ದು ಹೋಗಿ, ಪಡಸಾಲೆಯಲ್ಲಿ ತಾನು ಮೊದಲು ಕೂರುತ್ತಿದ್ದ ಜಾಗದಲ್ಲೇ ಕೂತ.