ನೆಲುವಿನ ರೊಟ್ಟಿ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯನವರೆಂಬ ಗುರುಗಳಿದ್ದರು. ಅಲ್ಲೊಂದು ಪದ್ಧತಿ. ಊಟದ ಪಂಕ್ತಿಯಲ್ಲಿ ಗುರುಗಳು ದಿನಕ್ಕೊಬ್ಬ ಶಿಷ್ಯನನ್ನು ಕೇಳುವರು: "ಏನಪ್ಪ, ನಿನಗೇನು ತಿಳಿಯಲಿಲ್ಲ?" ಅವನು ಕೇಳಬೇಕು, ಇವರು ಹೇಳಬೇಕು, ಆಮೇಲೆಯೇ ತಟ್ಟೆಗೆ ರೊಟ್ಟಿ.

ಕರಿಬಸವನ ಸರದಿ ಬಂದಾಗಲೆಲ್ಲ ಅವನದು ಒಂದೇ ಮಾತು. "ಎಲ್ಲ ತಿಳಿಯಿತು ಗುರುಗಳೇ."

ಸುಳ್ಳು, ಶುದ್ಧ ಸುಳ್ಳು! ಪಾಪ, ಅವನಿಗೆ ಮೊದಲನೇ ಪಾಠವೇ ತಲೆಗೆ ಹತ್ತಿರಲಿಲ್ಲ. ಹಿಂದೆ ಓದಿದ ಪಾಠಶಾಲೆಯಲ್ಲಿ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಬಾಯಿಗೆ ಬೀಗ.

ಆ ಬೆಳಿಗ್ಗೆ ಅವನು ಬಟ್ಟೆಯ ಗಂಟು ಕಟ್ಟಿ ಒರಳಿನ ಹಿಂದೆ ಇಟ್ಟಿದ್ದ. ಅಂದು ಸರದಿಯೂ ಅವನದೇ, ಅಡುಗೆಯೂ ಅವನದೇ. ಊಟಕ್ಕೆ ಮೊದಲೇ ಯಾರಿಗೂ ಹೇಳದೆ ಹೊರಟುಬಿಡುವುದು ಎಂದುಕೊಂಡಿದ್ದ. ಅವನಿಗೆ ಅಳು ಬರುವಷ್ಟು ಬೇಜಾರಾಗಿತ್ತು.

ರೊಟ್ಟಿ ಬಡಿದು, ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿಟ್ಟು, ನೀರು ತರಲು ಹೋದ. ಬರುವಷ್ಟರಲ್ಲಿ ಬೂದಿ ಎಂಬ ಆಶ್ರಮದ ನಾಯಿ ಗುರುಗಳ ಕಾಲುಮಣೆಯನ್ನು ಹಲ್ಲಲ್ಲಿ ಕಚ್ಚಿ ದರದರ ಎಳೆಯುತ್ತಿತ್ತು. ನೆಲುವಿನ ಕೆಳಗೆ ನಿಲ್ಲಿಸಿತು. ಹತ್ತಿತು. ಹಿಂಗಾಲ ಮೇಲೆ ನಿಂತು ಒಂದು ರೊಟ್ಟಿ ಎಳೆದುಕೊಂಡಿತು.

"ಎಲಾ ಕಳ್ಳ!" ಕರಿಬಸವನಿಗೆ ನಗು ತಡೆಯಲಾಗಲಿಲ್ಲ.

ಕಾಲುಮಣೆ ಹೊರಗಿಟ್ಟ. ನೆಲುವನ್ನು ಇನ್ನೂ ಮೇಲಕ್ಕೆ ಬಿಗಿದ.

ಬೂದಿ ನೆಗೆಯಿತು, ಎಟುಕಲಿಲ್ಲ. ಗೋಣಿಚೀಲ ಎಳೆದು ತಂದು ಹತ್ತಿತು, ಅದು ಮೆತ್ತಗೆ ಕುಸಿಯಿತು. ಆಗ ನಾಯಿ ನೆಟ್ಟಗೆ ಕರಿಬಸವನ ಮುಂದೆ ಬಂದು ಕೂತಿತು. ರೊಟ್ಟಿ ನೋಡಿತು, ಅವನ ಮುಖ ನೋಡಿತು. ಮತ್ತೆ ರೊಟ್ಟಿ, ಮತ್ತೆ ಮುಖ.

"ಆಯ್ತು ಮಾರಾಯ, ತಗೋ." ಅವನು ಒಂದು ರೊಟ್ಟಿ ಇಳಿಸಿ ಕೊಟ್ಟ.

ಬಾಗಿಲಲ್ಲಿ ಗುರುಗಳು ನಿಂತಿದ್ದರು.

"ರೊಟ್ಟಿ ಹೇಗೆ ಸಿಕ್ಕಿತೋ ಅದಕ್ಕೆ?"

"ಮೊದಲನೆಯದಕ್ಕೆ ನಿಮ್ಮ ಕಾಲುಮಣೆ ಎಳೆದುಕೊಂಡು ಬಂತು ಗುರುಗಳೇ. ಏನು ತಲೆ ಅಂತೀರಿ ಅದರದು!"

"ಎರಡನೆಯದಕ್ಕೆ?"

"ಎರಡನೆಯದು ನಾನೇ ಕೊಟ್ಟೆ."

"ಅಂದರೆ ಆಗ ನಿನ್ನನ್ನು ಎಳೆದುಕೊಂಡಿತು."

ಕರಿಬಸವ ತಲೆ ಕೆರೆದುಕೊಂಡ.

"ಇಷ್ಟೂ ಕೈಲಾಗದ ದಡ್ಡ ನಾಯಿ ಅಂತ ಬೈಯಲಿಲ್ಲವೇ?"

"ಅಯ್ಯೋ, ಯಾಕೆ ಬೈಯಲಿ ಗುರುಗಳೇ? ಅದು ನೋಡಿದ ನೋಟಕ್ಕೆ ಕರುಳು ಚುರ್ ಅಂತು. ಕೊಟ್ಟ ಮೇಲೆ ನನಗೇ ಎಷ್ಟೋ ಖುಷಿಯಾಯಿತು."

"ಹೌದಾ?" ಎಂದಷ್ಟೇ ಹೇಳಿ ಗುರುಗಳು ಕಾಲುಮಣೆ ಎತ್ತಿಕೊಂಡು ಹೋದರು.

ಕರಿಬಸವ ಗಂಟನ್ನು ನೋಡಿದ. ಬೂದಿಯನ್ನು ನೋಡಿದ. ಅದು ಒಲೆಯ ಬಳಿ ಕಾಲು ಚಾಚಿ, ಯಾವ ನಾಚಿಕೆಯೂ ಇಲ್ಲದೆ ಮೂತಿ ನೆಕ್ಕಿಕೊಳ್ಳುತ್ತಿತ್ತು. ಅವನು ಗಂಟನ್ನು ಅಲ್ಲೇ ಬಿಟ್ಟು ರೊಟ್ಟಿ ಬುಟ್ಟಿ ಎತ್ತಿಕೊಂಡ.

ಪಂಕ್ತಿ ಕೂತಿತ್ತು. ಗುರುಗಳು ಎಂದಿನಂತೆ ಕೇಳಿದರು.

"ಏನಪ್ಪ ಕರಿಬಸವ, ನಿನಗೇನು ತಿಳಿಯಲಿಲ್ಲ?"

ಅವನು ರೊಟ್ಟಿ ಬುಟ್ಟಿಯನ್ನು ಕೆಳಗಿಟ್ಟ.

"ಗುರುಗಳೇ, ನಾನು ಬಂದ ದಿನ ನೀವು 'ನೋಡುವವನನ್ನು ನೋಡು' ಅಂದಿರಿ. ಯಾರನ್ನು ನೋಡಬೇಕು, ಹೇಗೆ ನೋಡಬೇಕು, ನನಗೆ ಇವತ್ತಿಗೂ ಗೊತ್ತಿಲ್ಲ. ಏನೂ ಗೊತ್ತಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಇನ್ನು ಮುಗಿಯಿತು ಎಂದುಕೊಂಡು ಕರಿಬಸವ ಕಣ್ಣು ಮುಚ್ಚಿದ. ಅಷ್ಟರಲ್ಲಿ ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಹಿರಿಯ ಶಿಷ್ಯ ಮೆಲ್ಲಗೆ ಗೊಣಗಿದ. "ನನಗೂ ಅಷ್ಟೇ."

ಗುರುಗಳು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಹಲ್ಲಿನ ಗುರುತು ಬಿದ್ದ ಕಾಲುಮಣೆಯನ್ನು ಎಳೆದು, ಕೈಯಿಂದ ಒರೆಸಿ, ತಮ್ಮೆದುರಿಗೇ ಇಟ್ಟರು.

"ಬಾ, ಕೂತ್ಕೋ. ಒಂದು ರೊಟ್ಟಿ ಇಳಿಸಿ ಕೊಟ್ಟಿದ್ದಕ್ಕೇ ನಿನಗೆ ಅಷ್ಟು ಖುಷಿಯಾಯಿತಲ್ಲ, ಆ ಖುಷಿ ನನಗೆ ಸಿಗದ ಹಾಗೆ ಇಷ್ಟು ದಿನ ಯಾಕೋ ಮಾಡಿದೆ?"