ಸಲೋಮಮ್ಮನ ಕನ್ನಡಕ

ಓದಲು ಬಾರದ ಯೋನಪ್ಪನಿಗೆ ದಿನಾ ಸಂಜೆ ಬೈಬಲ್ ಓದಿ ಹೇಳುತ್ತಿದ್ದವಳು ಹೆಂಡತಿ ಸಲೋಮಮ್ಮ. ಅವಳು ತೀರಿಕೊಂಡ ಮೇಲೆ ಅವಳ ಕನ್ನಡಕ ಬೈಬಲ್ ಮೇಲೆಯೇ ಧೂಳು ಹಿಡಿದು ಕೂತಿತು. ಒಂದು ಭಾನುವಾರ ಚರ್ಚಿನಲ್ಲಿ ಸಭೆಯ ಪಾಲಕರು ಯೋನಪ್ಪನ ಮೊಬೈಲಿಗೆ ತಾನೇ ಓದುವ ಬೈಬಲ್ ಹಾಕಿಕೊಟ್ಟರು.

ಮನೆಗೆ ಬಂದ ಮೊಬೈಲನ್ನು ಕನ್ನಡಕ ಕೇಳಿತು, "ಅವಳ ಜಾಗ ಹಿಡಿಯೋಕೆ ಬಂದೆಯೇನಪ್ಪ? ಇನ್ನು ನನ್ನನ್ನು ಯಾರು ಮುಟ್ಟುತ್ತಾರೆ?"

"ಓದು ಅಂದರು, ಓದುತ್ತೇನೆ," ಎಂದಿತು ಮೊಬೈಲು.

ಸಂಜೆ ಅದು ದೇವರೇ ನನ್ನ ಕುರುಬ ಎನ್ನುವ ಕೀರ್ತನೆ ಓದತೊಡಗಿತು. ಸಾವಿನ ಕತ್ತಲ ಕಣಿವೆಯ ಮಾತು ಬಂದಾಗ ಯೋನಪ್ಪ, "ಸ್ವಲ್ಪ ತಡಿ," ಎಂದು ಬೆರಳೊತ್ತಿ ನಿಲ್ಲಿಸಿದ. ಕನ್ನಡಕವನ್ನು ಎತ್ತಿಕೊಂಡು ಅಂಗಿಯ ಅಂಚಿನಲ್ಲಿ ಒರೆಸಿದ. ಮೆಲ್ಲಗೆ ಅದರ ಜಾಗದಲ್ಲೇ ಇಟ್ಟ. ಆಮೇಲೆ ಮುಂದಕ್ಕೆ ಓದಿಸಿದ.

ಅವನು ಮಲಗಿದ ಮೇಲೆ ಮೊಬೈಲು ಕೇಳಿತು, "ನಾನೇನಾದರೂ ತಪ್ಪು ಓದಿದೆನಾ?"

"ಇಲ್ಲ. ಅಲ್ಲಿಗೆ ಬಂದರೆ ಅವಳ ಕಣ್ಣು ತುಂಬುತ್ತಿತ್ತು. ನನ್ನನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಇವನು ಸುಮ್ಮನೆ ಕಾಯುತ್ತಿದ್ದ."

"ಹಾಗಾದರೆ ಆ ಜಾಗ ನಿನ್ನದೇ. ನಾನು ಅದರ ಆಚೆ ಈಚೆ ಓದುತ್ತೇನೆ."

"ದಿನಾ ಓದಪ್ಪ," ಎಂದಿತು ಕನ್ನಡಕ. "ನಿನ್ನಿಂದ ದೊಡ್ಡ ಉಪಕಾರವಾಯಿತು. ಅವಳು ಹೋದ ಮೇಲೆ ಅವನು ನನ್ನನ್ನು ಕೈಗೆತ್ತಿಕೊಂಡಿದ್ದು ಇವತ್ತೇ."