ಗಿಂಡಿ ಮೂತಿಗೆ ಅಮಲ್ದಾರರ ಮೀಸೆ

ಸೊಸೆ ಚೆನ್ನಾಜಿ ಮಗುವಿನ ಮೂತಿಲೋಟವನ್ನು ಪುಟ್ಟ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಅದನ್ನು ಕಂಡು ಮಾವ ಮಾದಪ್ಪಜ್ಜ ಎದೆಯುಬ್ಬಿಸಿದ.

"ಇಂಥ ಬ್ರಷ್ಷನ್ನ ಮೊದಲು ಮಾಡಿದವಳು ನನ್ನಜ್ಜಿ! ಕಣ್ಣಾರೆ ಕಂಡವರು ಈಗ ಒಬ್ಬರೂ ಬದುಕಿಲ್ಲ. ಅವಳು ಅಮಲ್ದಾರರ ಮನೇಲಿ ಕೆಲಸಕ್ಕಿದ್ದಳು. 'ಮಗುವಿನ ಗಿಂಡಿ ಮೂತಿ ಹುಳಿ ನಾರುತ್ತೆ. ಸಂಜೆಯೊಳಗೆ ಆ ನಾತ ಹೋಗಬೇಕು, ಇಲ್ಲ ನೀನು ಹೋಗಬೇಕು!' ಅಂತ ಅವರು ಗುಡುಗಿದರು.

ಅಜ್ಜಿ ಕೈಮುಗಿದಳು. 'ಬುದ್ಧೀ, ಮೂತಿಯೊಳಗೆ ಉಜ್ಜೋಕೆ ಹಂದಿ ಕೂದಲಿಗಿಂತ ಬಿರುಸಾದ ಕೂದಲು ಬೇಕು. ಊರಲ್ಲಿ ಒಬ್ಬರಿಗೇ ಇರೋದು.'

'ಯಾರಿಗೆ?'

'ತಮಗೇ. ಅದೇ, ತಮ್ಮ ಹುಲಿಮೀಸೆ.'

ಅಮಲ್ದಾರರು ಉಬ್ಬಿಹೋಗಿ ಒಂದು ಕಡೆ ಮೀಸೆ ಕತ್ತರಿಸಿ ಕೊಟ್ಟೇಬಿಟ್ಟರು! ಅಜ್ಜಿ ಅದನ್ನ ಕಡ್ಡಿಗೆ ಕಟ್ಟಿ ಉಜ್ಜಿದಳು, ಗಿಂಡಿ ಫಳಫಳ ಅಂತು. ಆಮೇಲೆ ಅಮಲ್ದಾರರು ಕನ್ನಡಿ ನೋಡಿ 'ಅಯ್ಯಯ್ಯೋ!' ಅಂತ ಕಿರುಚಿದರು. ಹೆಂಡತಿ ಬೆಚ್ಚಿಬಿದ್ದು, ಯಾರೋ ಕಳ್ಳ ಅಂತ ಪೊರಕೆ ಎತ್ತಿದಳು!"

"ಮಾವಾ, ಹೋದ ಸಲ ಹೇಳಿದಾಗ ಅದು ಕುದುರೆ ಬಾಲ ಆಗಿತ್ತಲ್ಲ?"

ಅಜ್ಜ ಹೆಗಲು ಕುಣಿಸಿದ. "ಆಗ ಮೀಸೆ ಇನ್ನೂ ಬೆಳೆದಿರಲಿಲ್ಲ ಕಣಮ್ಮಾ."